ವಶ, ಜಪ್ತಿ, ಮುಟ್ಟುಗೋಲು: ಬಂದರಿನಲ್ಲಿ ಹಿಡಿದ ಮಾಲಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಮಂಗಳೂರು ಬಂದರಿರುವ ಪಣಂಬೂರಿನಲ್ಲಿ, ಕಸ್ಟಮ್ಸ್‌ನಿಂದ ಮಾಲು ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ನನ್ನ ಕೆಲಸ. ಮಂಗಳೂರು, ಉಡುಪಿ ಕಡೆಯ ಎಸಿ ಮೆಕ್ಯಾನಿಕ್‌ಗಳಿಗೂ ಗುಜರಿ ವ್ಯಾಪಾರಿಗಳಿಗೂ ಹಂಚಲು ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಪರಿಸರ ಕೆಡಿಸುವ ಯಾವ ಮಾಲನ್ನು ಕಸ್ಟಮ್ಸ್‌ನವರು ಹಿಡಿಯುತ್ತಾರೆ, ಹಿಡಿದ ಮೇಲೆ ಅದು ಏನಾಗುತ್ತದೆ ಅನ್ನೋದು ವಿಷಯ. ಈ "ಹಿಡಿಯುವುದು" ಅನ್ನುವಲ್ಲೇ ನನ್ನ ಪ್ರಶ್ನೆ ಇರುವುದು.

1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಇದು ಎರಡು ಹಂತದ ಕೆಲಸ. ಮಾಲು ಕಾನೂನು ಮೀರಿ ಬಂದದ್ದು ಅಂತ ನಂಬಲು ಕಾರಣ ಇದ್ದರೆ ಅಧಿಕಾರಿ 110ನೇ ಸೆಕ್ಷನ್ ಪ್ರಕಾರ ಅದನ್ನು ತನ್ನ ಹಿಡಿತಕ್ಕೆ ತಗೊಳ್ಳುತ್ತಾರೆ. ಮಹಜರು ಆಗುತ್ತದೆ. ಆದರೆ ಮಾಲು ಇನ್ನೂ ತಂದವನದ್ದೇ. ಆರು ತಿಂಗಳೊಳಗೆ ನೋಟಿಸ್ ಕೊಡಬೇಕು, ಮೇಲಧಿಕಾರಿ ಇನ್ನೊಂದು ಆರು ತಿಂಗಳು ಹೆಚ್ಚಿಸಬಹುದು. ಅಷ್ಟರಲ್ಲೂ ನೋಟಿಸ್ ಕೊಡದಿದ್ದರೆ ಮಾಲು ವಾಪಸ್ ಕೊಡಬೇಕು. ವಿಚಾರಣೆ ಮುಗಿದು ಆದೇಶ ಆದ ಮೇಲಷ್ಟೇ ಅದು ಕೇಂದ್ರ ಸರ್ಕಾರದ ಸೊತ್ತಾಗುವುದು.

ಪೇಪರಿನಲ್ಲಿ ಮಾತ್ರ ಎರಡಕ್ಕೂ ವಶ, ಜಪ್ತಿ, ಮುಟ್ಟುಗೋಲು ಅಂತ ಬಾಯಿಗೆ ಬಂದದ್ದನ್ನು ಬರೆಯುತ್ತಾರೆ. ಬಂದರಿನಲ್ಲಂತೂ "ಮಾಲು ಹಿಡಿದ್ರು" ಅಂದರೆ ಮುಗೀತು.

ನನಗನಿಸುವುದು ಹೀಗೆ. ಮುಟ್ಟುಗೋಲು ಅಂದ ಕೂಡಲೇ ನಮ್ಮವರಿಗೆ ಚುನಾವಣೆಯ ಠೇವಣಿ ನೆನಪಾಗುತ್ತದೆ. ಹೋದದ್ದು ಹೋಯಿತು, ಮತ್ತೆ ಬರುವುದಿಲ್ಲ. ಹಾಗಾಗಿ ಅದು ಎರಡನೇ ಹಂತಕ್ಕೆ ಸರಿ. ವಶ ಮೊದಲನೆಯದಕ್ಕೆ. ಜಪ್ತಿಯದ್ದೇ ಕಷ್ಟ. ಸಾಲ ಕಟ್ಟದವರ ಮನೆ ಜಪ್ತಿಯಾದರೂ ಜಪ್ತಿಯೇ, ಪೊಲೀಸರು ತಗೊಂಡು ಹೋಗಿ ಆಮೇಲೆ ಬಿಟ್ಟ ಬೈಕೂ ಜಪ್ತಿಯೇ. ಅದನ್ನು ಪೂರಾ ಬಿಟ್ಟುಬಿಡೋಣ ಅಂತಿದ್ದೇನೆ.

ಇಷ್ಟು ಯಾಕೆ ಕೇಳುತ್ತೇನೆಂದರೆ, ಈ ಮಾಲು ಚಿನ್ನದ ಹಾಗಲ್ಲ. ಎಸಿಗೆ ಹಾಕುವ ಗ್ಯಾಸನ್ನೇ ನೋಡಿ. ಒಮ್ಮೆ ಬಳಸಿ ಎಸೆಯುವ 13.6 ಕಿಲೋದ ಸಿಲಿಂಡರು, ಮೇಲೆ ಆರ್-134ಎ (ಓಝೋನ್ ಪದರಕ್ಕೆ ಹಾನಿ ಮಾಡದ ಗ್ಯಾಸ್) ಅಂತ ಚೀಟಿ. ವಾಲ್ವಿಗೆ ಪರೀಕ್ಷೆಯ ಯಂತ್ರದ ಪೈಪು ಸಿಕ್ಕಿಸಿದರೆ ಒಳಗಿರುವುದು ಆರ್-22 ಅಂತ ತೋರಿಸುತ್ತದೆ. ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್ ಅದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ಕಡಿಮೆ ಮಾಡಬೇಕಾದದ್ದು, ಲೈಸೆನ್ಸ್ ಇಲ್ಲದೆ ತರುವ ಹಾಗಿಲ್ಲ. ಮುಟ್ಟುಗೋಲು ಹಾಕಿ ಸುಮ್ನೆ ಹರಾಜು ಮಾಡಿದರೆ ಅದು ಮತ್ತೆ ಅದೇ ಪೇಟೆಗೆ ಬರುತ್ತದೆ. ವಾಲ್ವ್ ತಿರುಗಿಸಿ ಖಾಲಿ ಮಾಡಿದರೆ ನೇರ ಗಾಳಿಗೆ. ಗ್ಯಾಸ್ ಈಗ ಯಾರ ಸುಪರ್ದಿಯಲ್ಲಿದೆ, ಯಾರು ಜವಾಬ್ದಾರಿ ಅನ್ನೋದು ಓದುವವನಿಗೆ ಪದದಿಂದಲೇ ಗೊತ್ತಾಗಬೇಕು, ಅಲ್ವಾ?

ಇಲ್ಲೇ ಇನ್ನೊಂದು. ಆರ್-22ಕ್ಕೆ "ನಿರ್ಬಂಧಿತ" ಅಂತ ಬರೆದಿದ್ದೆ. ಆದರೆ ಷರತ್ತು ಪಾಲಿಸದೆ ತಂದರೆ ಕಾಯ್ದೆಯ ಕಣ್ಣಿಗೆ ಅದು ನಿಷೇಧಿತ ಮಾಲೇ. ನಿರ್ಬಂಧಿತ ಅಂದರೆ ಓದುವವರು "ಸ್ವಲ್ಪ ತಂದರೆ ತೊಂದರೆ ಇಲ್ಲ" ಅಂದುಕೊಂಡಾರು. "ಲೈಸೆನ್ಸ್ ಇಲ್ಲದೆ ತರಬಾರದ ಮಾಲು" ಅಂತ ಉದ್ದಕ್ಕೇ ಬರೆಯುವುದು ವಾಸಿ ಅನಿಸಿದೆ.

ಗುಜರಿಯವರ ಅಧ್ಯಾಯದಲ್ಲಿ ಬೇರೆ ಗಂಟು. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಅಕ್ರಮವಾಗಿ ಬಂದ ತ್ಯಾಜ್ಯವನ್ನು, ಅದು ದೇಶಕ್ಕೆ ಬಂದ ದಿನದಿಂದ 90 ದಿನದೊಳಗೆ, ತಂದವನೇ ತನ್ನ ಖರ್ಚಿನಲ್ಲಿ ಹೊರಗೆ ಕಳಿಸಬೇಕು. ಸರ್ಕಾರಿ ಕನ್ನಡದ "ಮರುರಫ್ತು" ನನಗೆ ಒಪ್ಪಿಗೆಯಾಗಲಿಲ್ಲ. ರಫ್ತು ಅಂದರೆ ಲಾಭದ ವ್ಯಾಪಾರ ಅಂತಲೇ ಕಿವಿಗೆ ಬೀಳುವುದು. "ಹಿಂದಕ್ಕೆ ಕಳಿಸು" ಸುಲಭ, ಆದರೆ ಖರ್ಚು ಯಾರದ್ದು ಅನ್ನೋದು ಅದರಲ್ಲಿ ಬರುವುದಿಲ್ಲ. ಇಂಥ ಕಡೆ ಒಂದೇ ಪದ ಬೇಕೆಂಬ ಹಟ ಬಿಟ್ಟು ಇಡೀ ವಾಕ್ಯ ಬರೆಯುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಕೋರ್ಟು, ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ನಿಮ್ಮ ಹಳೆಯ ಕಡತಗಳಲ್ಲಿ ವಶಕ್ಕೂ ಜಪ್ತಿಗೂ ವ್ಯತ್ಯಾಸ ಇತ್ತಾ? ಘಟ್ಟದ ಮೇಲಿನವರಿಗೆ "ವಶಪಡಿಸಿಕೊಂಡರು" ಅಂದಾಗ ಮಾಲು ವಾಪಸ್ ಬರಬಹುದು ಅನಿಸುತ್ತದಾ, ಇಲ್ಲಾ ಹೋಯ್ತು ಅಂತಲೇ ಅನಿಸುತ್ತದಾ?