ಪದಚರ್ಚೆ: ಗಡಿ ದಾಟುವ ವರಮಾನಕ್ಕೆ ‘ಪಾವತಿ’ ಸಲ್ಲುವುದೇ?

ಪ್ರಶ್ನೆ (ಬೆಂಗಳೂರಿನಿಂದ)

ಮಾನ್ಯರೇ, ಮುಂದುವರಿದ ದೇಶಗಳ ನಡುವೆ ವರ್ಷದಿಂದ ವರ್ಷಕ್ಕೆ ಹರಿದಾಡಿರುವ ಬಡ್ಡಿ, ಲಾಭಾಂಶ ಮತ್ತು ಸಂಬಳಗಳ ರೇಖಾಚಿತ್ರವೊಂದನ್ನು ಪದವಿ ತರಗತಿಯ ಪುಸ್ತಕಕ್ಕಾಗಿ ಕನ್ನಡಿಸುತ್ತಿದ್ದೇನೆ. ಪುಟಗಳು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೂಲದ ತಲೆಬರಹ ‘ಕ್ರಾಸ್ ಬಾರ್ಡರ್ ಇನ್‌ಕಮ್ ಪೇಮೆಂಟ್ಸ್’. ‘ಗಡಿಯಾಚೆಗಿನ ಆದಾಯ ಪಾವತಿ’ ಎಂದು ಬರೆದು ನೋಡಿದೆ, ಒಪ್ಪಿಗೆಯಾಗಲಿಲ್ಲ. ಗಡಿಯ ಆಚೆ ಇರುವುದು ಆದಾಯವೋ ಪಾವತಿಯೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ‘ಪಾವತಿ’ಯದೇ. ವಿದೇಶಿ ಕಂಪನಿಯ ಅಂಗಸಂಸ್ಥೆಯೊಂದು ತನ್ನ ಲಾಭವನ್ನು ಹಂಚದೆ ಇದ್ದಲ್ಲೇ ಮರಳಿ ಹೂಡಿದರೂ, ಆ ಲಾಭ ಒಡೆಯರ ದೇಶಕ್ಕೆ ಸಂದಿತೆಂದೂ ಅಲ್ಲಿಂದ ಹೊಸ ಹೂಡಿಕೆಯಾಗಿ ಹಿಂದಿರುಗಿತೆಂದೂ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕಪದ್ಧತಿ ಬರೆದುಕೊಳ್ಳುತ್ತದೆ. ಒಂದು ಡಾಲರೂ ಗಡಿ ದಾಟಿರುವುದಿಲ್ಲ. ಐರ್ಲೆಂಡಿನಂಥ ದೇಶದಲ್ಲಿ ಇದು ಸಣ್ಣ ಮಾತಲ್ಲ: ಅಮೆರಿಕದ ಕಂಪನಿಗಳಿಗೆ ಸೇರಿದ ಲಾಭ ಎಷ್ಟಿದೆಯೆಂದರೆ ಅಲ್ಲಿಯ ಒಟ್ಟು ದೇಶೀಯ ಉತ್ಪನ್ನ ರಾಷ್ಟ್ರೀಯ ಆದಾಯಕ್ಕಿಂತ ಬಹಳ ಮೇಲಿದೆ, 2015ರಲ್ಲಿ ಉತ್ಪನ್ನ ಒಂದೇ ವರ್ಷದಲ್ಲಿ ಶೇ 26ರಷ್ಟು ಬೆಳೆಯಿತೆಂಬ ಅಂಕಿ ಮೊದಲು ಪ್ರಕಟವಾಗಿ, ಅದನ್ನು ಯಾರೂ ನಂಬದಂತಾದ ಮೇಲೆ, 2017ರಿಂದ ಆ ದೇಶ ‘ಮಾರ್ಪಡಿಸಿದ ರಾಷ್ಟ್ರೀಯ ಆದಾಯ’ ಎಂಬ ಬೇರೆ ಅಳತೆಯನ್ನೇ ಬಳಸತೊಡಗಿತು. ಕೈಬದಲಾಗದ ಇಂಥ ಹಣವನ್ನು ‘ಪಾವತಿ’ ಎಂದರೆ ವಿದ್ಯಾರ್ಥಿ ದಾರಿ ತಪ್ಪುತ್ತಾನೆ.

ಧಾರವಾಡದಿಂದ

‘ಪಾವತಿ’ಯನ್ನು ಬಿಟ್ಟುಬಿಡಿ. ಅದು ಮರಾಠಿಯಿಂದ ಬಂದ ಪದ. ಅಲ್ಲಿ ‘ಪಾವಣೇ’ ಎಂದರೆ ದೊರೆಯುವುದು, ‘ಪಾವತೀ’ ಎಂದರೆ ಹಣ ಪಡೆದವನು ಬರೆದುಕೊಡುವ ರಸೀದಿ. ಪಡೆದವನ ಕಡೆಯ ಪದವನ್ನು ನಾವು ಕೊಡುವವನ ಕಡೆಗೆ ತಿರುಗಿಸಿಕೊಂಡಿದ್ದೇವೆ. ಕೊಡುವುದೂ ಪಡೆಯುವುದೂ ಒಂದೇ ಚಿತ್ರದಲ್ಲಿರುವಾಗ ಇಂಥ ಪದ ನಿಲ್ಲುವುದಿಲ್ಲ. ‘ಸಂದಾಯ’ ಎನ್ನಿ. ಅದರ ಒಳಗಿರುವುದು ನಮ್ಮ ‘ಸಲ್’ ಧಾತು, ‘ಸಂದ’ ಅದರ ಭೂತಕೃದಂತ. ಹಣ ಕೈಗೆ ಬರಲಿ ಬಿಡಲಿ, ಯಾರಿಗೆ ಸೇರತಕ್ಕದ್ದೋ ಅವರಿಗೆ ‘ಸಲ್ಲುತ್ತದೆ’. ನಿಮ್ಮ ಐರ್ಲೆಂಡಿನ ಲಾಭವೂ ಹಾಗೆಯೇ ಸಲ್ಲುತ್ತದೆ.

ಮೈಸೂರಿನಿಂದ

‘ಸಂದಾಯ’ದಲ್ಲಿ ‘ಸಂದ’ ಇದೆ ಎನ್ನುವುದು ಊಹೆ. ಅದು ಸಂಸ್ಕೃತದ ‘ದಾಯ’ಕ್ಕೆ ‘ಸಂ’ ಸೇರಿದ ರೂಪ, ಅಷ್ಟೇ. ‘ಆದಾಯ’ವೂ ಸಂಸ್ಕೃತ. ‘ವರಮಾನ’ ತಮಿಳಿನ ‘ವರು’ ಧಾತುವಿನದು. ನಮ್ಮಲ್ಲಿ ಆ ಧಾತು ‘ಬರು’ ಆಗಿ ಶತಮಾನಗಳು ಕಳೆದಿವೆ. ಕನ್ನಡ ಬಲ್ಲವರು ‘ಗಡಿದಾಟು ಗಳಿಕೆ’ ಎಂದು ಬರೆಯಲಿ. ಪ್ರತಿ ಹೊಸ ವಿಷಯಕ್ಕೂ ಅಕ್ಕಪಕ್ಕದ ಮನೆಯಿಂದ ಪದ ತರುವ ಅಭ್ಯಾಸ ನಿಲ್ಲದ ಹೊರತು ನಮ್ಮಲ್ಲಿ ಅರ್ಥಶಾಸ್ತ್ರದ ಭಾಷೆ ಬೆಳೆಯುವುದಿಲ್ಲ.

ಮಂಗಳೂರಿನಿಂದ

‘ಗಡಿದಾಟು ಗಳಿಕೆ’ ಎಂದು ನಮ್ಮ ಊರಿನಲ್ಲಿ ಯಾರಿಗೆ ಹೇಳಿದರೂ ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳು ಮನೆಗೆ ಕಳಿಸುವ ಹಣವೆಂದೇ ತಿಳಿಯುತ್ತಾರೆ. ನಿಮ್ಮ ಚಿತ್ರದ ಬಡ್ಡಿ, ಲಾಭಾಂಶ, ಸಂಬಳಗಳು ಒಂದು ಬಗೆ, ಹೀಗೆ ಮನೆಗೆ ಕಳಿಸುವ ಹಣ ಇನ್ನೊಂದು; ನಿಧಿಯ ಕೈಪಿಡಿ ಇವೆರಡನ್ನೂ ಬೇರೆಬೇರೆ ಇಟ್ಟಿದೆ. 2009ರ ಆರನೆಯ ಆವೃತ್ತಿಯಲ್ಲಿ ಮೊದಲನೆಯದಕ್ಕೆ ‘ಪ್ರೈಮರಿ ಇನ್‌ಕಮ್’, ಎರಡನೆಯದಕ್ಕೆ ‘ಸೆಕೆಂಡರಿ ಇನ್‌ಕಮ್’ ಎಂಬ ಹೆಸರುಗಳು ಬಂದವು. ದುಬೈಯಲ್ಲಿ ನೆಲೆಸಿ ದುಡಿಯುವವರು ಅಲ್ಲಿಯ ನಿವಾಸಿಗಳೆಂದೇ ಲೆಕ್ಕ, ಆದ್ದರಿಂದ ಅವರು ಊರಿಗೆ ಕಳಿಸಿದ್ದು ಎರಡನೆಯ ಬಗೆ. ಲಕ್ಸೆಂಬರ್ಗ್‌ನಲ್ಲಿ ನೌಕರಿ ಮಾಡುವವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ಕೆಲಸಕ್ಕೆ ಬಂದು ಮನೆಗೆ ಮರಳುವವರು. ಅವರ ಸಂಬಳ ಮೊದಲನೆಯ ಬಗೆ. ಧಾತುವಿನ ಜಗಳಕ್ಕಿಂತ ಈ ಗೆರೆ ಅಳಿಸದಿರುವುದು ಮುಖ್ಯ. ಹಾಗೆಂದು ‘ಪ್ರಾಥಮಿಕ ಆದಾಯ’ ಎಂದೂ ಬರೆಯಬೇಡಿ, ಅದು ಶಾಲೆಯ ನೆನಪು ತರುತ್ತದೆ.

ಧಾರವಾಡದಿಂದ

ಮೈಸೂರಿನವರು ‘ಗಳಿಕೆ’ಯನ್ನು ಮುಂದಿಡುತ್ತಿದ್ದಾರೆ. ಗಳಿಸುವುದು ಒಬ್ಬನ ಕೆಲಸ, ಅದರಲ್ಲಿ ಕೊಟ್ಟವನಿಗೆ ಜಾಗವೇ ಇಲ್ಲ. ಇನ್ನು ತಮಿಳಿನಿಂದ ಬಂದದ್ದೆಂದು ‘ವರಮಾನ’ವನ್ನು ಹೊರಗೆ ಹಾಕುವ ಮಾತು ನನಗೆ ಅರ್ಥವಾಗುವುದಿಲ್ಲ. ವರಮಾನ ತೆರಿಗೆ ಕಟ್ಟಿದ ಕನ್ನಡಿಗರ ಬಾಯಲ್ಲಿ ಅದು ಕನ್ನಡವೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಸಂದಾಯ’ದ ಹುಟ್ಟು ಏನೇ ಇರಲಿ, ‘ಸಲ್ಲು’ ಕನ್ನಡದ ಕ್ರಿಯಾಪದವೆಂಬುದರಲ್ಲಿ ಯಾರಿಗೂ ತಕರಾರಿಲ್ಲವಾದ್ದರಿಂದ ಅದನ್ನೇ ಹಿಡಿದಿದ್ದೇನೆ: ‘ಮುಂದುವರಿದ ದೇಶಗಳ ನಡುವೆ ಸಲ್ಲುವ ವರಮಾನ’. ಎರಡೂ ದಿಕ್ಕು ಕಾಣುವ ಪದ ನನಗೆ ಬೇಕೇ ಬೇಕಿತ್ತು, ಏಕೆಂದರೆ ಚಿತ್ರದ ತಿರುಳು ಅದರಲ್ಲಿದೆ. ಜಪಾನಿನಲ್ಲಿ ಹೊರದೇಶದ ಆಸ್ತಿಗಳಿಂದ ಬರುವ ನಿವ್ವಳ ವರಮಾನ 2005ರಲ್ಲಿ ಸರಕು ವ್ಯಾಪಾರದ ಮಿಗುತೆಯನ್ನು ಮೀರಿತು. 2011ರ ಭೂಕಂಪದ ನಂತರ ವ್ಯಾಪಾರ ಕೊರತೆಗೆ ಇಳಿದ ವರ್ಷಗಳಲ್ಲೂ ಚಾಲ್ತಿ ಖಾತೆ (ವ್ಯಾಪಾರವೂ ಇಂಥ ವರಮಾನವೂ ಕೂಡಿದ ಹೊರದೇಶದ ಲೆಕ್ಕ) ಮಿಗುತೆಯಲ್ಲೇ ಉಳಿದದ್ದು ಈ ವರಮಾನದಿಂದ. ಅಮೆರಿಕ 1980ರ ದಶಕದ ಕೊನೆಯಿಂದ ಜಗತ್ತಿಗೆ ನಿವ್ವಳ ಸಾಲಗಾರನಾಗಿದ್ದರೂ ದಶಕಗಳ ಕಾಲ ಕೊಟ್ಟದ್ದಕ್ಕಿಂತ ಹೆಚ್ಚು ಪಡೆಯಿತು. ಅದರ ಹೊರಹೂಡಿಕೆ ಹೆಚ್ಚಾಗಿ ಕಂಪನಿಗಳ ಒಡೆತನದಲ್ಲಿದ್ದು ಲಾಭ ದೊಡ್ಡದು, ಅದು ತೆತ್ತದ್ದರಲ್ಲಿ ಬಹುಪಾಲು ಸರ್ಕಾರಿ ಸಾಲಪತ್ರಗಳ ಕಡಿಮೆ ಬಡ್ಡಿ. 2008ರ ವರೆಗೆ ಏರುತ್ತ ಬಂದ ರೇಖೆಗಳು ಬಳಿಕ ಕುಸಿದದ್ದಕ್ಕೂ ಬಡ್ಡಿದರದ ಇಳಿಕೆ ಒಂದು ಕಾರಣ. ‘ಪಾವತಿ’ ಎಂದಿದ್ದರೆ ಈ ಕತೆಯ ಅರ್ಧ ಮಾತ್ರ ತಲೆಬರಹದಲ್ಲಿ ಇರುತ್ತಿತ್ತು.

ಚಿತ್ರದ ಕೆಳಗಿನ ಎರಡು ಅಂಕಣಗಳಿಗೆ ‘ಜಮೆ’ ಮತ್ತು ‘ಖರ್ಚು’ ಎಂದು ಬರೆದಿದ್ದೇನೆ.

ಮೈಸೂರಿನಿಂದ

ತಲೆಬರಹದಲ್ಲಿ ‘ಸಲ್ಲುವ’ ಇರಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ‘ಜಮೆ’ ಅರಬ್ಬಿಯದು, ‘ಖರ್ಚು’ ಪಾರಸಿಯದು, ನಾನು ಒಪ್ಪುವುದಿಲ್ಲ. ಮೇಲಾಗಿ ಐರ್ಲೆಂಡಿನ ಮರುಹೂಡಿದ ಲಾಭ ಯಾರ ‘ಖರ್ಚೂ’ ಅಲ್ಲ. ‘ಬರತಕ್ಕದ್ದು’, ‘ಹೋಗತಕ್ಕದ್ದು’ ಎಂದು ಬರೆಯಿರಿ.

ಪ್ರಶ್ನೆ ಕೇಳಿದವರಿಂದ

‘ಖರ್ಚು’ ಸಲ್ಲದೆಂಬ ಮಾತು ಸರಿ. ಎರಡೂ ಅಂಕಣಗಳನ್ನು ನೀವು ಹೇಳಿದಂತೆ ತಿದ್ದಿದ್ದೇನೆ. ಆದರೆ ತಿದ್ದಿದ್ದು ಲೆಕ್ಕದ ಕಾರಣಕ್ಕೆ, ಪಾರಸಿಯ ಕಾರಣಕ್ಕಲ್ಲ.