ಟೈಲ್ಸಿನ ರೇಟು ಆಮೇಲೆ, ಮೊದಲು ನೆಲದ ಮಟ್ಟ ಹಿಡಿಸು

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತಲ್ಲಿ ಕೇಳು. ದೊಡ್ಡಮ್ಮನಿಗೂ ಕೇಳಿಸು, ಅವರಿಗೆ ಹೇಳೋದೂ ಇದೆ.

ನೀನು ಕೇಳಿದ್ದು ಇಷ್ಟು ಅಲ್ವಾ? ಕಾಸರಗೋಡಿನ ನೀರ್ಚಾಲಿನ ಮನೆಯ ರೆಡ್ ಆಕ್ಸೈಡ್ ನೆಲಕ್ಕೆ ಟೈಲ್ಸ್ ಹಾಕಿಸಬೇಕು, ಒಟ್ಟು 1,000 ಚದರ ಅಡಿ. ಅಂಗಡಿಯವರು ಅಡಿಗೆ 55 ರೂಪಾಯಿ ಅಂದರು, ಮೇಸ್ತ್ರಿ ಅಡಿಗೆ 30 ಅಂದರು. ಎರಡೂ ಸೇರಿ 85,000. ಮೇಲಿಂದ 15,000 ಇಟ್ಟುಕೊಂಡರೆ ಒಂದು ಲಕ್ಷದಲ್ಲಿ ಮುಗಿಯುತ್ತಾ ಅಂತ.

ಮುಗಿಯಲ್ಲ. ಯಾಕೆ ಅಂತ ಹೇಳ್ತೇನೆ. ಕುಂಬಳೆಯಲ್ಲಿ ನಮ್ಮ ಮನೆಗೆ ಹಾಕಿಸುವಾಗ ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇತ್ತು.

ಮೊದಲು ಆ 55. ಅದು ಟ್ಯಾಕ್ಸ್ ಸೇರಿಯಾ, ಬಿಟ್ಟಾ ಅಂತ ಕೇಳಿದ್ದೀಯಾ? ಟೈಲ್ಸಿಗೆ ಜಿಎಸ್‌ಟಿ 18 ಪರ್ಸೆಂಟ್. ಬಿಟ್ಟು ಹೇಳಿದ್ದಾದರೆ ಅಡಿಗೆ 64 ರೂಪಾಯಿ 90 ಪೈಸೆ ಆಯಿತು. ಇನ್ನು 1,000 ಅಡಿ ನೆಲಕ್ಕೆ 1,000 ಅಡಿ ಟೈಲ್ಸ್ ಸಾಕಾಗಲ್ಲ. ಗೋಡೆ ಬುಡಕ್ಕೆ ನಾಲ್ಕು ಇಂಚಿನ ಸ್ಕರ್ಟಿಂಗ್ ಪಟ್ಟಿ ಬೇಕಲ್ಲ? ನಿಮ್ಮ ಮನೆಯಲ್ಲಿ ಎಲ್ಲ ಕೋಣೆ ಸೇರಿ ಸುಮಾರು 300 ಅಡಿ ಉದ್ದ ಬಂದರೆ, ಅದಕ್ಕೇ 100 ಚದರ ಅಡಿ ಹೋಯಿತು. ಕಟ್ ಮಾಡುವಾಗ, ಒಡೆಯುವಾಗ ಹಾಳಾಗುವುದಕ್ಕೆ 8 ಪರ್ಸೆಂಟ್ ಸೇರಿಸು. ಮುರಕಲ್ಲಿನ ಹಳೇ ಮನೆ, ಒಂದು ಕೋಣೆಯ ಮೂಲೆಯೂ ಸರಿಯಾಗಿ ಚೌಕ ಇರಲ್ಲ, ತುಂಡು ಜಾಸ್ತಿ ಬರ್ತದೆ. ಹಾಗಾಗಿ 1,188 ಅಡಿ. ಎರಡು ಅಡಿಗೆ ಎರಡು ಅಡಿಯ ಟೈಲ್ಸ್ ಬಾಕ್ಸಿಗೆ ನಾಲ್ಕು ಇರ್ತದೆ. ಬಾಯಿಮಾತಿಗೆ 16 ಅಡಿ ಅಂತಾರೆ, ಅದು 600 ಮಿ.ಮೀ. ಟೈಲ್ಸ್ ಆದ್ದರಿಂದ ನಿಜಕ್ಕೆ 15.5 ಅಡಿ. 77 ಬಾಕ್ಸ್ ಬೇಕು. ದುಡ್ಡು 77,450 ಹತ್ತಿರ. ನಿನ್ನ ಲೆಕ್ಕದಲ್ಲಿ ಇದ್ದದ್ದು 55,000. ಮೇಸ್ತ್ರಿಯ 30,000 ಸೇರಿಸಿದರೆ ಒಂದು ಚೀಲ ಸಿಮೆಂಟ್ ತರುವ ಮೊದಲೇ ಒಂದು ಲಕ್ಷ ದಾಟಿತು.

ಆದರೂ ಇದೆಲ್ಲ ಸಣ್ಣ ವಿಷಯ. ಬಜೆಟ್ ನಿಜವಾಗಿ ಕೈತಪ್ಪುವುದು ಟೈಲ್ಸಿನ ಅಡಿಯಲ್ಲಿ. ಅಂಗಡಿಗೆ ಹೋಗುವ ಮೊದಲು ನೆಲದ ಮಟ್ಟ ಹಿಡಿಸು. ಕಾಣುವ ಪ್ಲಾಸ್ಟಿಕ್ ಪೈಪು ಒಂದು ತಾ, ಚಾವಡಿಯಿಂದ ಅಡಿಗೆಮನೆಗೆ ಮುಟ್ಟುವಷ್ಟು ಉದ್ದದ್ದು. ನೀರು ತುಂಬಿಸು, ಒಳಗೆ ಗುಳ್ಳೆ ಇರಬಾರದು. ಒಂದು ತುದಿ ನೀನು ಚಾವಡಿ ಮೂಲೆಯಲ್ಲಿ ಹಿಡಿ, ಇನ್ನೊಂದು ತುದಿ ನಿನ್ನ ಹೆಂಡತಿ ಅಡಿಗೆಮನೆ ಬಾಗಿಲಲ್ಲಿ ಹಿಡಿಯಲಿ. ನೀರು ಅಲ್ಲಾಡದೆ ನಿಂತಲ್ಲಿ ಎರಡೂ ಗೋಡೆಗೆ ಪೆನ್ಸಿಲಿನಲ್ಲಿ ಗೀಟು ಹಾಕಿ. ಆಮೇಲೆ ಗೀಟಿನಿಂದ ನೆಲಕ್ಕೆ ಟೇಪ್ ಇಟ್ಟು ಅಳೆಯಿರಿ. ಹೀಗೆ ಕೋಣೆ ಕೋಣೆಗೂ ಮಾಡಿ. ಅಜ್ಜನ ಕಾಲದಲ್ಲಿ ಚಾವಡಿ, ಆಮೇಲೆ ಅಡಿಗೆಮನೆ, ಆಮೇಲೆ ಹಿಂದಿನ ಕೋಣೆ ಅಂತ ಬೇರೆ ಬೇರೆ ಸಲ ಕಟ್ಟಿದ ಮನೆ ಅದು. ವ್ಯತ್ಯಾಸ ಇದ್ದೇ ಇರ್ತದೆ.

ಆ ವ್ಯತ್ಯಾಸದ ಬೆಲೆ ಎಷ್ಟು ಗೊತ್ತಾ? 1,000 ಅಡಿ ನೆಲವನ್ನು ಬರೀ ಒಂದು ಇಂಚು ಎತ್ತರಿಸಬೇಕಾದರೆ, ಒಂದು ಪಾಲು ಸಿಮೆಂಟಿಗೆ ಐದು ಪಾಲು ಹೊಯ್ಗೆ, ಅಂದರೆ ಮರಳು, ಮಿಕ್ಸ್ ಮಾಡಿದರೆ, 15 ಚೀಲ ಸಿಮೆಂಟು ಮತ್ತು 90 ಘನ ಅಡಿಗೂ ಜಾಸ್ತಿ ಹೊಯ್ಗೆ ಬೇಕು. ಮಾಮೂಲಿಯಾಗಿ ಒಂದೂವರೆ ಇಂಚು ಹಾಕ್ತಾರೆ, ಅಂದರೆ 22-23 ಚೀಲ. ತಗ್ಗು ಇದ್ದ ಕಡೆ ಇನ್ನೂ ಹೋಗ್ತದೆ. ಈ ಲೆಕ್ಕವನ್ನು ಯಾವ ಮೇಸ್ತ್ರಿಯೂ ಮೊದಲೇ ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸ ಅರ್ಧ ಆದಾಗ "ಸಿಮೆಂಟ್ ಮುಗಿಯಿತು" ಅಂತ ಫೋನ್ ಬರ್ತದೆ, ಅಷ್ಟೇ. ಹಾಂ, ಸಿಮೆಂಟಿಗೆ 28 ಪರ್ಸೆಂಟ್ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ. ಹಳೇ ರೇಟಲ್ಲಿ ಕೊಟೇಶನ್ ಕೊಟ್ಟರೆ ಬಿಡಬೇಡ.

ಇನ್ನೊಂದು ತಲೆನೋವು ಎತ್ತರ. ಇದ್ದ ನೆಲದ ಮೇಲೆ ಒಂದೂವರೆ ಇಂಚು ಗಾರೆ, ಅದರ ಮೇಲೆ ಟೈಲ್ಸ್. ಎರಡು ಇಂಚು ಹತ್ತಿರ ಮೇಲೆ ಬಂತು. ಹಲಸಿನ ಬಾಗಿಲುಗಳನ್ನೆಲ್ಲ ಕಳಚಿ ಬುಡ ಕೊಯ್ಯಬೇಕು, ಆಚಾರಿಯ ಕೂಲಿ ಬೇರೆ. ಹೊಸ್ತಿಲು ಟೈಲ್ಸಿನ ಅಡಿಗೆ ಹೋಗಿ ಕೂತರೆ ದೊಡ್ಡಮ್ಮ ರಂಗೋಲಿ ಎಲ್ಲಿ ಹಾಕುವುದು? ಉಪ್ಪರಿಗೆ ಮೆಟ್ಟಿಲಿನ ಮೊದಲನೇದು ಏಳು ಇಂಚು ಇದ್ದದ್ದು ಐದು ಆಗ್ತದೆ, ರಾತ್ರಿ ಇಳಿಯುವಾಗ ಕಾಲು ಎಡವುವುದು ಅಲ್ಲೇ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಮಟ್ಟದ ವ್ಯತ್ಯಾಸ ಕಮ್ಮಿ ಇದ್ದರೆ ಗಾರೆ ಬಿಟ್ಟು ಟೈಲ್ಸ್ ಅಂಟಿಸುವ ಗಮ್ಮಿನಲ್ಲೇ ಹಾಕಿಸು. ಗಮ್ ಮೂರು ಮಿ.ಮೀ., ಟೈಲ್ಸ್ ಹತ್ತು ಮಿ.ಮೀ., ಸೇರಿ ಅರ್ಧ ಇಂಚು. ಬಾಗಿಲು ಸ್ವಲ್ಪ ಉಜ್ಜಿದರೆ ಸಾಕು, ಹೊಸ್ತಿಲೂ ಉಳೀತದೆ. 20 ಕಿಲೋ ಚೀಲಕ್ಕೆ 50 ಅಡಿ ಹತ್ತಿರ ಆಗ್ತದೆ, ನಿನಗೆ 20 ಚೀಲ ಬೇಕು. ಚೀಲದ ರೇಟು ಕೇಳಿ ಹೆದರಬೇಡ. ಅತ್ತ ಕಡೆ 23 ಚೀಲ ಸಿಮೆಂಟು, ಹೊಯ್ಗೆ, ಅದರ ಲೋಡಿನ ಬಾಡಿಗೆ, ಬಾಗಿಲು ಕೊಯ್ಯುವ ಕೂಲಿ ಎಲ್ಲ ಬರೆದು ಕೂಡಿಸಿ ನೋಡು. ಅಂಗಳದಲ್ಲಿ ಹೊಯ್ಗೆ ರಾಶಿ ಹಾಕಿದರೆ ಅಡಿಕೆ ಒಣಗಿಸುವುದೆಲ್ಲಿ ಅನ್ನುವುದೂ ಒಂದು ಲೆಕ್ಕವೇ. ಅದೂ ಅಲ್ಲದೆ ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಅರ್ಧ ಪರ್ಸೆಂಟಿಗಿಂತ ಕಮ್ಮಿ. ಬರೀ ಸಿಮೆಂಟ್ ಹಾಲು ಅದಕ್ಕೆ ಗಟ್ಟಿ ಹಿಡಿಯುವುದಿಲ್ಲ, ಗಮ್ ಹಿಡೀತದೆ.

ಆದರೆ ಹಳೇ ನೆಲ ಗಟ್ಟಿ ಇರಬೇಕು. ಒಂದು ಸುತ್ತಿಗೆ ತಗೊಂಡು ನೆಲವನ್ನೆಲ್ಲ ಮೆಲ್ಲಗೆ ಬಡಿಯುತ್ತಾ ಹೋಗು. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕು. ಮಳೆಗಾಲದಲ್ಲಿ ಥಂಡಿ ಏರಿ ಎದ್ದ ಜಾಗ ಅವು. ಅಲ್ಲಿ ಒಡೆದು ತೆಗೆದೇ ಮಾಡಬೇಕು. ಉಳಿದ ಕಡೆ ರೆಡ್ ಆಕ್ಸೈಡಿನ ನಯ ಹೋಗುವಷ್ಟು ಕೆತ್ತಿಸಬೇಕು. ಇಲ್ಲದಿದ್ದರೆ ಗಮ್ಮೂ ಹಿಡಿಯಲ್ಲ. ಆ ಕೂಲಿ 30 ರೂಪಾಯಿಯಲ್ಲಿ ಸೇರಿದೆಯಾ ಅಂತ ಈಗಲೇ ಕೇಳು. ಸ್ಕರ್ಟಿಂಗಿಗೆ ರನ್ನಿಂಗ್ ಫೂಟ್, ಅಂದರೆ ಉದ್ದದ ಅಡಿ ಲೆಕ್ಕದಲ್ಲಿ ಬೇರೆ ಕೂಲಿ ಕೇಳ್ತಾರೆ, ಅದನ್ನೂ ಬರೆಸಿಕೋ.

ದುಡ್ಡು ಉಳಿಸಬೇಕಾದರೆ ಟೈಲ್ಸಿನ ರೇಟು 55ರಿಂದ 45ಕ್ಕೆ ಇಳಿಸುವುದಕ್ಕಿಂತ, ಎರಡು ಮಲಗುವ ಕೋಣೆಗೆ ಹಾಕಿಸಲೇ ಬೇಡ. ಅಲ್ಲಿನ ಕೆಂಪು ನೆಲ ಈಗಲೂ ಕನ್ನಡಿ ಹಾಗಿದೆ. ಸುಮ್ನೆ ಯಾಕೆ ಮುಚ್ಚುವುದು? 12ಕ್ಕೆ 14ರ ಕೋಣೆಗೆ ಸ್ಕರ್ಟಿಂಗ್ ಸೇರಿ 13 ಬಾಕ್ಸ್ ಬೇಕು. ಎರಡು ಕೋಣೆ ಬಿಟ್ಟರೆ 26 ಬಾಕ್ಸ್, 26,000 ರೂಪಾಯಿ. ಕೂಲಿಯಲ್ಲಿ 10,000. ಅಲ್ಲಿಗೆ 36,000 ಉಳಿಯಿತು, ಗಮ್ಮಿನ ಖರ್ಚು, ನೆಲ ಕೆತ್ತುವ ಖರ್ಚು ಎಲ್ಲ ಅದರಲ್ಲೇ ನಡೀತದೆ. ಗಮ್ಮಿನಲ್ಲಿ ಹಾಕಿದರೆ ಚಾವಡಿಗೂ ಕೋಣೆಗೂ ಅರ್ಧ ಇಂಚಿನ ವ್ಯತ್ಯಾಸ ಬರ್ತದೆ, ಹೊಸ್ತಿಲು ಅದನ್ನು ಮುಚ್ಚಿಬಿಡ್ತದೆ.

ಭಾವ ಹೇಳಿದರು, ಮಂಗಳೂರಲ್ಲಿ ತಗೋ, ಕೇರಳದಲ್ಲಿ ಸೆಸ್ ಇದೆ ಅಂತ. ಭಾವಾ, ಆ ಒಂದು ಪರ್ಸೆಂಟ್ ನೆರೆ ಸೆಸ್ 2021ರ ಜುಲೈಗೇ ಮುಗಿದಿದೆ. ಈಗ ತಲಪಾಡಿ ಗಡಿಯ ಆಚೆಗೂ ಈಚೆಗೂ ಅದೇ 18. ಮಂಗಳೂರಲ್ಲಿ ಡಿಸೈನ್ ಜಾಸ್ತಿ ಸಿಗಬಹುದು, ಆದರೆ ಗಾಡಿ ಬಾಡಿಗೆ ಕೂಡಿಸಿ ನೋಡಬೇಕು. 50,000 ಮೇಲಿನ ಸರಕಿಗೆ ಇ-ವೇ ಬಿಲ್, ಅಂದರೆ ಸರಕು ಸಾಗಿಸುವ ಜಿಎಸ್‌ಟಿ ಪತ್ರ, ಬೇಕು, ಅಂಗಡಿಯವರಲ್ಲಿ ಮಾಡಿಸಿಯೇ ಗಾಡಿ ಹೊರಡಿಸು. ಇಳಿಸುವ ಕೂಲಿ ಎಷ್ಟು, ಯಾರು ಇಳಿಸುವುದು ಅಂತಲೂ ಮೊದಲೇ ಮಾತಾಡಿಟ್ಟುಕೋ. ಇಳಿಸದೆ ಬರೀ ನಿಂತು ನೋಡಿ ಕೂಲಿ ಕೇಳುವ ಲೋಡಿಂಗ್ ಯೂನಿಯನ್ನಿನವರಿಗೆ ಕೊಡಬೇಕಾಗಿಲ್ಲ, ಕೇರಳ ಸರ್ಕಾರ 2018ರ ಮೇ 1ರಿಂದ ಅದನ್ನು ನಿಲ್ಲಿಸಿದೆ.

ಬಾಕ್ಸ್ ಇಳಿಸುವಾಗ ಪ್ರತಿಯೊಂದರ ಮೇಲೂ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇನಾ ನೋಡು. ಬೇರೆ ಬಂದರೆ ಹಾಕಿದ ಮೇಲೆ ಬಿಸಿಲಿಗೆ ಗೊತ್ತಾಗ್ತದೆ. ಅದೇ ಬ್ಯಾಚಿನ ಒಂದು ಬಾಕ್ಸ್ ಅಟ್ಟದಲ್ಲಿ ಇಟ್ಟುಕೋ, ಆಮೇಲೆ ಒಂದು ಒಡೆದರೆ ಅಂಥದ್ದು ಸಿಗಲ್ಲ.

ದೊಡ್ಡಮ್ಮಾ, ಟೈಲ್ಸ್ ಜಾರ್ತದೆ ಅಂತ ನೀವು ಹೇಳಿದ್ದು ಸರಿ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬರುವ ಊರು ನಮ್ಮದು, ಸಿಟ್ಔಟಿಗೆ, ಅಂದರೆ ಮುಂದಿನ ಜಗಲಿಗೆ, ಹೊಳೆಯುವ ಟೈಲ್ಸ್ ಬೇಡವೇ ಬೇಡ. ಅಲ್ಲಿಗೂ ಹಿಂದಿನ ಬಾಗಿಲ ಹತ್ತಿರಕ್ಕೂ ಬಚ್ಚಲಿಗೂ ಮ್ಯಾಟ್ ಫಿನಿಶ್ ಟೈಲ್ಸ್, ಹೊಳಪಿಲ್ಲದ, ಜಾರದ್ದು. ತಮ್ಮಾ, ಅಂಗಡಿಯಲ್ಲಿ ಒಂದು ತುಂಡಿನ ಮೇಲೆ ನೀರು ಚೆಲ್ಲಿ ಬರಿಗಾಲಲ್ಲಿ ನಿಂತು ನೋಡು, ನಾಚಿಕೆ ಪಡಬೇಡ.

ಟೈಲ್ಸಿನ ಸಂದು ತುಂಬಿಸುವ ಗ್ರೌಟಿನಲ್ಲಿ ಎಪಾಕ್ಸಿಯದ್ದು ಅಡಿಗೆಮನೆಗೂ ಬಚ್ಚಲಿಗೂ ಮಾತ್ರ ಸಾಕು, ಬೇರೆ ಕಡೆ ಮಾಮೂಲಿ ಗ್ರೌಟ್ ನಡೀತದೆ. ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು ಒಂದೊಂದೇ ಟೈಲ್ಸಿನ ನಾಲ್ಕೂ ಮೂಲೆ ಬಡಿದು ನೋಡು. ಟೊಳ್ಳು ಇದ್ದರೆ ಎಬ್ಬಿಸಿ ಹಾಕಿಸು. ಟೈಲ್ಸ್ ಬದಲು ಗ್ರಾನೈಟ್ ಆಗ್ತದಾ ಅನ್ನುವುದನ್ನು ಭಾವ ಹೇಳಲಿ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನೀನು ಭಾನುವಾರ ಪೈಪು ಹಿಡಿದು ಅಳತೆ ತೆಗೆದು ಇಲ್ಲೇ ಹಾಕು.