ಯಕ್ಷಗಾನದ ಚಿತ್ರ ತೆಗೆಯಲು ಡಿಎಸ್‌ಎಲ್‌ಆರ್: ಆನ್‌ಲೈನ್‌ನಲ್ಲಿ ಯಾವುದನ್ನು, ಹೇಗೆ ಕೊಳ್ಳಬೇಕು?

ಪ್ರಶ್ನೆ (ಕುಂದಾಪುರದಿಂದ)

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕ. ನಮ್ಮ ಊರಿನ ಸುತ್ತಮುತ್ತ ನಡೆಯುವ ಬಡಗುತಿಟ್ಟಿನ ಆಟಗಳನ್ನು ನಾಲ್ಕು ವರ್ಷಗಳಿಂದ ಮೊಬೈಲ್‌ನಲ್ಲೇ ಚಿತ್ರಿಸುತ್ತಾ ಬಂದಿದ್ದೇನೆ. ಚೌಕಿಯಲ್ಲಿ ಕಲಾವಿದರು ಬಣ್ಣ ಹಚ್ಚಿಕೊಳ್ಳುವಾಗಿನ ಚಿತ್ರಗಳು ತಕ್ಕಮಟ್ಟಿಗೆ ಬರುತ್ತವೆ. ಆದರೆ ರಂಗಸ್ಥಳದಲ್ಲಿ ವೇಷ ಕುಣಿಯತೊಡಗಿದೊಡನೆ ಕೈಕಾಲುಗಳು ಕಲಸಿಹೋಗುತ್ತವೆ, ಕೆಂಪು ಬಟ್ಟೆಯ ನೆರಿಗೆಗಳೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತವೆ. ನಮ್ಮ ಭಾಗದ ಹಿರಿಯ ವೇಷಧಾರಿಗಳು ಕುಣಿಯುತ್ತಿರುವಾಗಲೇ ಅವರ ಒಳ್ಳೆಯ ಚಿತ್ರಗಳನ್ನು ತೆಗೆದು, ಎ3 ಅಳತೆಯಲ್ಲಿ ಮುದ್ರಿಸಿ, ಶಾಲೆಯ ಗೋಡೆಯ ಮೇಲೆ ಹಾಕಬೇಕೆಂಬುದು ನನ್ನ ಬಹುದಿನದ ಆಸೆ.

ಮುಂದಿನ ತಿರುಗಾಟ (ಮೇಳಗಳು ಊರೂರು ಸುತ್ತಿ ಆಡುವ ಋತು) ಆರಂಭವಾಗುವ ಮೊದಲು ಒಂದು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳಲು 60,000 ರೂಪಾಯಿ ಕೂಡಿಟ್ಟಿದ್ದೇನೆ. ದೊಡ್ಡ ಕ್ಯಾಮೆರಾ ಅಂಗಡಿಗೆ ಹೋಗಿಬರಲು ಒಂದು ದಿನವೇ ಬೇಕಾಗುವುದರಿಂದ ಆನ್‌ಲೈನ್‌ನಲ್ಲಿ ನೋಡುತ್ತಿದ್ದೇನೆ. ಒಬ್ಬ ಮಾರಾಟಗಾರರು ಕ್ಯಾನನ್ 1500ಡಿ ಕ್ಯಾಮೆರಾದ ಜೊತೆಗೆ 18-55 ಮತ್ತು 55-250 ಮಿಲಿಮೀಟರ್‌ನ ಎರಡು ಲೆನ್ಸ್, ಚೀಲ, ಟ್ರೈಪಾಡ್, ಫ್ಲ್ಯಾಶ್, ಯುವಿ ಫಿಲ್ಟರ್ ಹಾಗೂ ಮೆಮೊರಿ ಕಾರ್ಡ್ ಸೇರಿಸಿ ಒಂದೇ ಬೆಲೆಗೆ ಕೊಡುವುದಾಗಿ ಹಾಕಿದ್ದಾರೆ. ಇನ್ನೊಂದೆಡೆ 3000ಡಿ ಇನ್ನೂ ಕಡಿಮೆ ಬೆಲೆಗೆ ಸಿಗುತ್ತದೆ. ನಾನು ಸಾಮಾನ್ಯವಾಗಿ ರಂಗಸ್ಥಳದಿಂದ ಇಪ್ಪತ್ತು ಅಡಿ ದೂರದಲ್ಲಿ, ಮುಂದಿನ ಸಾಲಿನ ಅಂಚಿನಲ್ಲಿ ಕುಳಿತಿರುತ್ತೇನೆ, ಕನ್ನಡಕ ಧರಿಸುತ್ತೇನೆ. ಇವುಗಳಲ್ಲಿ ಯಾವುದು ಸರಿ, ಮತ್ತು ಕಣ್ಣಿಂದ ನೋಡದೆ ಇಷ್ಟು ಹಣ ಕಳುಹಿಸುವುದು ಎಷ್ಟು ಕ್ಷೇಮ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ 1 (ಉಡುಪಿಯಿಂದ)

ಮಾನ್ಯ ಶಿಕ್ಷಕರೇ, ಹನ್ನೆರಡು ವರ್ಷಗಳಿಂದ ಆಟಗಳ ಚಿತ್ರ ತೆಗೆಯುತ್ತಿರುವ ಅನುಭವದಿಂದ ಹೇಳುತ್ತೇನೆ: ನಿಮ್ಮ ತೊಂದರೆಗೆ ಉತ್ತರವಿರುವುದು ಲೆನ್ಸ್‌ನಲ್ಲಿ. ಕ್ಯಾಮೆರಾದ ಆಯ್ಕೆ ಅದರ ನಂತರದ ಮಾತು. ನೀವು ನೋಡಿರುವ ಕಟ್ಟಿನಲ್ಲಿರುವ ಎರಡೂ ಲೆನ್ಸ್‌ಗಳು ಹಗಲಿನ ಬೆಳಕಿಗೆ ಒಳ್ಳೆಯವು. ಆದರೆ 18-55 ಲೆನ್ಸನ್ನು 55ಕ್ಕೆ ತಂದಾಗ, ಅಥವಾ 55-250 ಲೆನ್ಸನ್ನು ಪೂರ್ತಿ ಎಳೆದಾಗ, ಅವುಗಳ ಬಾಯಿ ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ (ಈ ಸಂಖ್ಯೆ ಕಡಿಮೆಯಾದಷ್ಟೂ ಬಾಯಿ ಹಿರಿದು). 50 ಮಿಲಿಮೀಟರ್‌ನ ಎಫ್/1.8 ಲೆನ್ಸ್ ಇದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಅದೇ ರಂಗಸ್ಥಳದಲ್ಲಿ, ಅದೇ ಐಎಸ್‌ಒ 3200ರಲ್ಲಿ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಳತೆ), ಎಫ್/5.6 ಲೆನ್ಸ್‌ಗೆ 1/30 ಸೆಕೆಂಡು ಬೇಕಾಗುವ ಕಡೆ ಎಫ್/1.8 ಲೆನ್ಸ್‌ಗೆ 1/250 ಸೆಕೆಂಡು ಧಾರಾಳವಾಗಿ ಸಾಕಾಗುತ್ತದೆ. 1/30ರಲ್ಲಿ ಮಂಡಿ ಕುಣಿತ ಬರಿಯ ಬಣ್ಣದ ಗೆರೆಯಾಗಿ ಮೂಡುತ್ತದೆ. 1/250ರಲ್ಲಿ ಬೆರಳುಗಳ ಮುದ್ರೆಯೂ ಕಾಣುತ್ತದೆ.

ಇಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ. ಲೆನ್ಸ್‌ನಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆಯೆಂದು ನಂಬಿ 55-250 ಕೊಳ್ಳುತ್ತಾರೆ. ಆ ವ್ಯವಸ್ಥೆ ತಡೆಯುವುದು ನಮ್ಮ ಕೈಯ ನಡುಕವನ್ನು ಮಾತ್ರ. ಎದುರಿಗೆ ಕುಣಿಯುತ್ತಿರುವ ಕಲಾವಿದರ ಚಲನೆಯನ್ನು ಅದು ನಿಲ್ಲಿಸಲಾರದು, ಟ್ರೈಪಾಡ್ ಕೂಡ ನಿಲ್ಲಿಸಲಾರದು. ಮೇಲಾಗಿ ಮುಂದಿನ ಸಾಲಿನಲ್ಲಿ ಟ್ರೈಪಾಡ್ ನಿಲ್ಲಿಸಿದರೆ ಹಿಂದೆ ಕುಳಿತವರಿಗೆ ಆಟವೇ ಮರೆಯಾಗುತ್ತದೆ.

ಇಪ್ಪತ್ತು ಅಡಿ ಅಂದರೆ ಸುಮಾರು ಆರು ಮೀಟರ್. ಆ ದೂರದಿಂದ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ, 50ರ ಲೆನ್ಸ್‌ನ ಚೌಕಟ್ಟಿನಲ್ಲಿ ಸುಮಾರು 2.7 ಮೀಟರ್ ಎತ್ತರ ಹಿಡಿಸುತ್ತದೆ. ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಇಡೀ ವೇಷ ಸಿಗುತ್ತದೆ. 85 ಮಿಲಿಮೀಟರ್‌ನ ಎಫ್/1.8 ಲೆನ್ಸ್‌ನಲ್ಲಿ ಒಂದೂವರೆ ಮೀಟರ್‌ಗಿಂತ ತುಸು ಹೆಚ್ಚು ಹಿಡಿಸುತ್ತದೆ, ಅಂದರೆ ಹೆಚ್ಚುಕಡಿಮೆ ಮಂಡಿಯಿಂದ ಮೇಲಿನ ಭಾಗ. ಆದರೆ ಬಾಯಿಯನ್ನು ಪೂರ್ತಿ ತೆರೆದಾಗ 85ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಬರಿಯ ಒಂದಡಿಯಷ್ಟಿರುತ್ತದೆ, 50ರಲ್ಲಿ ಸುಮಾರು ಒಂದು ಮೀಟರ್ ಇರುತ್ತದೆ. ಆದ್ದರಿಂದ ಮೊದಲು 50ನ್ನೇ ಕೊಳ್ಳಿರಿ. ಕ್ಯಾನನ್‌ನ 50 ಎಸ್‌ಟಿಎಂ ಲೆನ್ಸ್ 160 ಗ್ರಾಂ ತೂಗುತ್ತದೆ, ಬೆಲೆಯೂ ಹಗುರವಾಗಿದೆ. ಚೌಕಿಯ ಇಕ್ಕಟ್ಟಿಗೆ 18-55 ಸಾಕು.

ಇನ್ನು ಕ್ಯಾಮೆರಾದ ಮಾತು. ಎ3 ಮುದ್ರಣಕ್ಕೆ 24 ಮೆಗಾಪಿಕ್ಸೆಲ್ ಬೇಕಾದಷ್ಟಾಯಿತು. 1500ಡಿಯಲ್ಲಿ ಅದು ಇದೆ. ಆದರೆ ಅದರ ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಫೋಕಸ್ ಬಿಂದುಗಳು ಒಂಬತ್ತೇ, ಅವುಗಳಲ್ಲಿ ಕತ್ತಲಲ್ಲಿ ನಂಬಬಹುದಾದ, ಅಡ್ಡ ಮತ್ತು ಉದ್ದ ಗೆರೆಗಳೆರಡನ್ನೂ ಗುರುತಿಸುವ ಅಡ್ಡ-ಉದ್ದ ಬಗೆಯದು ನಡುವಿನ ಒಂದು ಮಾತ್ರ. 3000ಡಿ ಬೇಡವೇ ಬೇಡ: 18 ಮೆಗಾಪಿಕ್ಸೆಲ್, ಲೆನ್ಸ್ ಕೂರುವ ಉಂಗುರ ಪ್ಲಾಸ್ಟಿಕ್‌ನದು, ಮತ್ತು ವ್ಯೂಫೈಂಡರನ್ನು ನಿಮ್ಮ ದೃಷ್ಟಿಗೆ ಹೊಂದಿಸಿಕೊಳ್ಳುವ ತಿರುಗಣಿಯೇ ಅದರಲ್ಲಿಲ್ಲ. ಕನ್ನಡಕದವರಿಗೆ ಇದು ಸಣ್ಣ ಕೊರತೆಯಲ್ಲ. ಇದೇ ಹಣದಲ್ಲಿ ಚೆನ್ನಾಗಿ ಇಟ್ಟುಕೊಂಡಿರುವ ಹಳೆಯ ಕ್ಯಾನನ್ 80ಡಿ ಸಿಕ್ಕರೆ ನಾನು ಹೊಸ 1500ಡಿಗಿಂತ ಅದನ್ನೇ ಆರಿಸುತ್ತೇನೆ. 2016ರಲ್ಲಿ ಬಂದ ಆ ಕ್ಯಾಮೆರಾದಲ್ಲಿ 45 ಫೋಕಸ್ ಬಿಂದುಗಳಿವೆ, ಎಲ್ಲವೂ ಅಡ್ಡ-ಉದ್ದ ಬಗೆಯವು. ಇನ್ನೊಂದು ಕಾರಣವೂ ಇದೆ. ಈಗ ರಂಗಸ್ಥಳದಲ್ಲೆಲ್ಲ ಎಲ್‌ಇಡಿ ದೀಪಗಳು ಬಂದಿವೆ. ಅವುಗಳಲ್ಲಿ ಹಲವು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಆದರೆ 1/250ರಲ್ಲಿ ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದು ಬೆಳಗಿ ಇನ್ನೊಂದು ಮಂಕಾಗಿರುತ್ತದೆ. 80ಡಿ ಆ ಮಿನುಗನ್ನು ಗುರುತಿಸಿ, ಬೆಳಕು ಹೆಚ್ಚಿರುವ ಕ್ಷಣಕ್ಕೆ ಸರಿಯಾಗಿ ಶಟರ್ ಬಿಡಬಲ್ಲದು. ಆ ಸೌಲಭ್ಯವಿಲ್ಲದ ಕ್ಯಾಮೆರಾದಲ್ಲಿ ನಿಧಾನದ ಅಭಿನಯಕ್ಕೆ 1/100 ಇಟ್ಟುಕೊಳ್ಳುವುದು ಒಂದು ಉಪಾಯ.

ಫ್ಲ್ಯಾಶ್ ವಿಷಯದಲ್ಲಿ ನನ್ನ ಮಾತು ಕಟುವೆನಿಸಬಹುದು: ಆಟದಲ್ಲಿ ಅದನ್ನು ಬಳಸಲೇಬೇಡಿ. ಗಿರಕಿ ಹೊಡೆಯುತ್ತಿರುವ ಕಲಾವಿದರ ಕಣ್ಣಿಗೆ ಆ ಬೆಳಕು ಕುಕ್ಕಿದರೆ ಕಾಲು ತಪ್ಪುತ್ತದೆ. ಚಿತ್ರದಲ್ಲೂ ಮುಖದ ಬಣ್ಣಗಾರಿಕೆ ಚಪ್ಪಟೆಯಾಗುತ್ತದೆ. ಕಟ್ಟಿನ ಜೊತೆಗೆ ಬರುವ ಫ್ಲ್ಯಾಶ್ 1500ಡಿಯಲ್ಲಿ ಉರಿಯದಿರುವ ಸಾಧ್ಯತೆಯೂ ಇದೆ. 1500ಡಿ, 3000ಡಿ ಮತ್ತು 200ಡಿ ಮಾರ್ಕ್ 2 ಕ್ಯಾಮೆರಾಗಳ ಹಾಟ್ ಶೂನಲ್ಲಿ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ) ಕ್ಯಾನನ್ ನಡುವಿನ ಸಂಪರ್ಕ ಬಿಂದುವನ್ನು ತೆಗೆದುಹಾಕಿರುವುದರಿಂದ, ಅದೊಂದನ್ನೇ ನಂಬಿದ ಅಗ್ಗದ ಫ್ಲ್ಯಾಶ್‌ಗಳು ಅವುಗಳಲ್ಲಿ ಕೆಲಸ ಮಾಡುವುದಿಲ್ಲ. ಕೆಂಪು ಬಟ್ಟೆ ಮುದ್ದೆಯಾಗುವುದಕ್ಕೆ ಪರಿಹಾರ ರಾ ರೂಪದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತವಾಗಿ) ಚಿತ್ರ ತೆಗೆಯುವುದು ಮತ್ತು ಬೆಳಕನ್ನು ಅರ್ಧ ಸ್ಟಾಪ್‌ನಷ್ಟು ಕಡಿಮೆ ಇಡುವುದು.

ಉತ್ತರ 2 (ಬೆಂಗಳೂರಿನಿಂದ)

ಮೇಲಿನವರು ಲೆನ್ಸ್ ಕುರಿತು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಕೊಳ್ಳುವ ಕ್ರಮದ ಬಗ್ಗೆ ನಾನು ಬರೆಯುತ್ತೇನೆ; ಏಕೆಂದರೆ ಆ ಪಾಠವನ್ನು ನಾನು ಹಣ ಕಳೆದುಕೊಂಡು ಕಲಿತಿದ್ದೇನೆ.

ಮೂರು ವರ್ಷಗಳ ಹಿಂದೆ ಹಬ್ಬದ ರಿಯಾಯಿತಿಯ ಸಮಯದಲ್ಲಿ ಒಂದು ಲೆನ್ಸ್ ತರಿಸಿಕೊಂಡಿದ್ದೆ. ಬೆಲೆ ಬೇರೆ ಕಡೆಗಿಂತ ಐದು ಸಾವಿರ ಕಡಿಮೆ ಇತ್ತು. ಎಂಟು ತಿಂಗಳ ನಂತರ ಅದರ ಫೋಕಸ್ ಮೋಟರ್ ಕೆಟ್ಟಾಗ ಸರ್ವಿಸ್ ಸೆಂಟರ್‌ಗೆ ಒಯ್ದೆ. ಬಿಲ್‌ನಲ್ಲಿದ್ದ ಕ್ರಮಸಂಖ್ಯೆಗೂ ಲೆನ್ಸ್ ಮೇಲಿನ ಕ್ರಮಸಂಖ್ಯೆಗೂ ತಾಳೆಯಾಗಲಿಲ್ಲ. ಆ ಲೆನ್ಸ್ ಭಾರತದ ಅಧಿಕೃತ ವಿತರಣೆಯ ಮೂಲಕ ಬಂದದ್ದೇ ಅಲ್ಲವೆಂದು ಅಲ್ಲಿ ತಿಳಿಯಿತು. ಇಂತಹ ಸರಕನ್ನು ಗ್ರೇ ಮಾರ್ಕೆಟ್ ಸರಕು ಎನ್ನುತ್ತಾರೆ. ವಸ್ತು ಅಸಲಿಯೇ ಆಗಿರುತ್ತದೆ, ಆದರೆ ಇಲ್ಲಿಯ ವಾರಂಟಿ ಅದಕ್ಕೆ ಸಿಗುವುದಿಲ್ಲ. ಮಾರಾಟಗಾರರು ಬರೆದಿದ್ದ ‘ಸೆಲ್ಲರ್ ವಾರಂಟಿ’ ಎಂಬ ಎರಡು ಪದಗಳನ್ನು ನಾನು ಗಮನಿಸಿ ಓದಿರಲಿಲ್ಲ. ದುರಸ್ತಿಯ ಪೂರ್ತಿ ಖರ್ಚು ನನ್ನ ಮೇಲೆಯೇ ಬಿತ್ತು.

ಆದ್ದರಿಂದ ಹಣ ಕೊಡುವ ಮೊದಲು ಮಾರಾಟಗಾರರ ಹೆಸರನ್ನು ನೋಡಿರಿ. ಒಂದೇ ಜಾಲತಾಣದಲ್ಲಿ ಒಂದೇ ಕ್ಯಾಮೆರಾವನ್ನು ಹತ್ತು ಮಂದಿ ಮಾರುತ್ತಿರುತ್ತಾರೆ. ಜಾಲತಾಣ ದೊಡ್ಡದೆಂದ ಮಾತ್ರಕ್ಕೆ ಮಾರಾಟಗಾರರು ನಂಬಿಗಸ್ತರಾಗಬೇಕಿಲ್ಲ. ಕಂಪನಿಯ ಭಾರತದ ತಾಣದಲ್ಲಿ ಅಧಿಕೃತ ಮಾರಾಟಗಾರರ ಹೆಸರುಗಳನ್ನು ನೋಡಿ ತಾಳೆ ಹಾಕಿರಿ. ಬಿಲ್‌ನಲ್ಲಿ ಕ್ಯಾಮೆರಾದ ಕ್ರಮಸಂಖ್ಯೆ ಮತ್ತು ಜಿಎಸ್‌ಟಿ ಸಂಖ್ಯೆ ಇರಲೇಬೇಕೆಂದು ಮೊದಲೇ ಬರೆದು ಕೇಳಿರಿ. ಪೆಟ್ಟಿಗೆ ಬಂದಾಗ, ಅಂಟುಪಟ್ಟಿ ಕತ್ತರಿಸುವ ಮೊದಲಿನಿಂದ ಕ್ಯಾಮೆರಾದ ತಳದಲ್ಲಿರುವ ಸಂಖ್ಯೆ ಕಾಣುವವರೆಗೆ ಎಲ್ಲಿಯೂ ತುಂಡಾಗದಂತೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿರಿ. ಮರಳಿಸುವ ಅವಧಿ ಎಷ್ಟು ದಿನ, ಹಣ ವಾಪಸೋ ಅಥವಾ ಬದಲಿ ವಸ್ತು ಮಾತ್ರವೋ ಎಂಬುದನ್ನೂ ಮೊದಲೇ ಓದಿಕೊಳ್ಳಿರಿ. ನಾನು ಆಗ ತಿಳಿದುಕೊಂಡಿರಬೇಕಿದ್ದ ಇನ್ನೊಂದು ಸಂಗತಿಯೆಂದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಲತಾಣದ ದೂರು ಅಧಿಕಾರಿ ನಮ್ಮ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಬೇಕು ಮತ್ತು ಒಂದು ತಿಂಗಳೊಳಗೆ ಪರಿಹರಿಸಬೇಕು. ಅದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಲೂಬಹುದು.

80ಡಿಯಂತಹ ಹಳೆಯ ಕ್ಯಾಮೆರಾವನ್ನು ಖಾಸಗಿ ವ್ಯಕ್ತಿಯಿಂದ ಕೊಳ್ಳುವುದಾದರೆ ಈ ರಕ್ಷಣೆ ಇರುವುದಿಲ್ಲ. ಮುಂಗಡ ಹಣ ಕಳುಹಿಸಬೇಡಿ. ಒಂದು ದಿನ ಹೋದರೂ ಚಿಂತೆಯಿಲ್ಲ, ಎದುರಿಗೆ ಕುಳಿತು ನೋಡಿ ಕೊಳ್ಳಿರಿ. ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದು ಸೆನ್ಸರ್ ಮೇಲೆ ಕಲೆಗಳಿವೆಯೇ ನೋಡಿರಿ. ಲೆನ್ಸ್‌ನ ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ಜೇಡರ ಬಲೆಯಂತಹ ಬೂಷ್ಟಿನ ಎಳೆಗಳಿವೆಯೇ ಪರೀಕ್ಷಿಸಿರಿ. ಶಟರ್ ಎಷ್ಟು ಬಾರಿ ಬಿದ್ದಿದೆ ಎಂಬುದು ನಿಕಾನ್ ಕ್ಯಾಮೆರಾಗಳಲ್ಲಿ ಚಿತ್ರದ ಕಡತದಿಂದಲೇ ತಿಳಿಯುತ್ತದೆ. ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಹಾಗೆ ತಿಳಿಯುವುದಿಲ್ಲ, ಸರ್ವಿಸ್ ಸೆಂಟರ್‌ನಲ್ಲಿ ಕೇಳಬೇಕಾಗುತ್ತದೆ. 80ಡಿಯ ಶಟರ್‌ಗೆ ಕಂಪನಿ ಹೇಳಿರುವ ಆಯುಷ್ಯ ಒಂದು ಲಕ್ಷ ಬಾರಿ. ಮದುವೆಗಳಲ್ಲಿ ದುಡಿದ ಕ್ಯಾಮೆರಾ ಅದನ್ನು ಬಹುಬೇಗ ಮುಟ್ಟಿರುತ್ತದೆ.

ಮೆಮೊರಿ ಕಾರ್ಡನ್ನು ಉಚಿತವಾಗಿ ಸಿಕ್ಕಿತೆಂದು ನಂಬಬೇಡಿ. 128 ಜಿಬಿ ಎಂದು ಮೇಲೆ ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಕಾರ್ಡ್‌ಗಳಿವೆ. ನಡುರಾತ್ರಿಯ ನಂತರ ತೆಗೆದ ಚಿತ್ರಗಳೆಲ್ಲ ಹಾಳಾದ ಮೇಲೆಯೇ ಅದು ತಿಳಿಯುವುದು. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರ್‌ನಲ್ಲಿ ಕಾರ್ಡನ್ನು ಪೂರ್ತಿ ತುಂಬಿಸಿ ಪರೀಕ್ಷಿಸಬಹುದು. ವಿ30 ಎಂಬ ವೇಗದ ಗುರುತಿರುವ 64 ಜಿಬಿಯ ಎರಡು ಕಾರ್ಡ್‌ಗಳು ನಿಮಗೆ ಸಾಕು.

ಉತ್ತರ 3 (ಮಂಗಳೂರಿನಿಂದ)

ಭಿನ್ನಾಭಿಪ್ರಾಯಕ್ಕೆ ಕ್ಷಮೆ ಇರಲಿ. 2020ರ ನಂತರ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ಮಾದರಿಯನ್ನು ತಂದಿಲ್ಲ. ಶಾಲೆಗಾಗಿ ಹತ್ತು ವರ್ಷ ಬಳಸುವ ಉದ್ದೇಶವಿದ್ದರೆ ಸ್ವಲ್ಪ ಕಾದು, ಇನ್ನಷ್ಟು ಹಣ ಕೂಡಿಸಿ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವುದು ವಿವೇಕವಲ್ಲವೇ?

ಉತ್ತರ 1ರವರ ಮರುನುಡಿ (ಉಡುಪಿಯಿಂದ)

ನಿಮ್ಮ ಮಾತಿನಲ್ಲಿ ಸತ್ಯವಿದೆ. ಬಜೆಟ್ ಇದರ ಎರಡರಷ್ಟಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಹಿರಿಯ ವೇಷಧಾರಿಗಳ ಚಿತ್ರಕ್ಕಾಗಿ ಇನ್ನೊಂದು ತಿರುಗಾಟ ಕಾಯುವುದು ನನಗೆ ಸರಿಯೆನಿಸುವುದಿಲ್ಲ. ಪ್ರತಿ ವರ್ಷವೂ ಒಬ್ಬರಿಲ್ಲೊಬ್ಬರು ಗೆಜ್ಜೆ ಬಿಚ್ಚಿಡುತ್ತಿದ್ದಾರೆ. ಕ್ಯಾನನ್‌ನ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಅದೇ ಕಂಪನಿಯ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಫೋಕಸ್ ಸಮೇತ ಕೆಲಸ ಮಾಡುವುದರಿಂದ, ಇಂದು ಲೆನ್ಸ್‌ಗೆ ಹಾಕಿದ ಹಣ ಮುಂದೆಯೂ ಉಳಿಯುತ್ತದೆ. ಮಿರರ್‌ಲೆಸ್‌ಗಳಲ್ಲಿರುವ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಎಲ್‌ಇಡಿ ಬೆಳಕಿನಲ್ಲಿ ಬಳಸಿದರೆ ಅನೇಕ ಮಾದರಿಗಳಲ್ಲಿ ಚಿತ್ರದ ಅಡ್ಡಕ್ಕೆ ಪಟ್ಟೆಗಳು ಬೀಳುತ್ತವೆ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು.

ಉತ್ತರ 4 (ತೀರ್ಥಹಳ್ಳಿಯಿಂದ)

ಯಾರೂ ಮಳೆಗಾಲದ ಮಾತು ಎತ್ತಲಿಲ್ಲ. ಮೇ ತಿಂಗಳ ಕೊನೆಗೆ ತಿರುಗಾಟ ಮುಗಿದು ಕ್ಯಾಮೆರಾ ಚೀಲದೊಳಗೆ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲೂ ನಿಮ್ಮಲ್ಲೂ ಗಾಳಿಯೇ ಒದ್ದೆ. ಆ ನಾಲ್ಕು ತಿಂಗಳು ಬಟ್ಟೆಯ ಚೀಲದಲ್ಲಿದ್ದ ಲೆನ್ಸ್‌ನೊಳಗೆ ಬೂಷ್ಟು ಹಿಡಿಯುತ್ತದೆ, ಗಾಜಿನ ಲೇಪನವನ್ನೇ ಅದು ಕೆಡಿಸಬಹುದು. ಹಣವಿದ್ದರೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಇಲ್ಲದಿದ್ದರೆ ಅಡುಗೆಮನೆಗೆ ತರುವ, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಕಾಲು ಕಿಲೊ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಒಂದು ಸಣ್ಣ ಮಾಪಕ ಸಾಕು. ಮಾಪಕ ಶೇಕಡ 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬಿಸಿಮಾಡಬೇಡಿ. ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ಕ್ಯಾಮೆರಾವನ್ನು ಹೊರತೆಗೆದು ಬಳಸಿರಿ.

ಪ್ರಶ್ನೆ ಕೇಳಿದವರು (ಕುಂದಾಪುರದಿಂದ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಆ ಕಟ್ಟನ್ನು ಕೈಬಿಟ್ಟಿದ್ದೇನೆ. ಮಣಿಪಾಲದಲ್ಲಿ ಒಬ್ಬರ ಬಳಿ 80ಡಿ ಮತ್ತು 18-55 ಇದೆ. ಅವರು ಮೊದಲ ಬಿಲ್ಲನ್ನೂ ಇಟ್ಟುಕೊಂಡಿದ್ದಾರೆ, ಬರುವ ಭಾನುವಾರ ಟಾರ್ಚ್ ಹಿಡಿದು ನೋಡಲು ಹೋಗುತ್ತೇನೆ. 50ರ ಲೆನ್ಸ್, ಅದರ ಹುಡ್ (ಲೆನ್ಸ್ ಮುಂದೆ ಅಡ್ಡಬೆಳಕು ತಡೆಯುವ ಹೊದಿಕೆ) ಮತ್ತು ಎರಡು ಕಾರ್ಡ್‌ಗಳನ್ನು ಅಧಿಕೃತ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ತರಿಸುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ರಾತ್ರಿಯಿಡೀ ನಡೆಯುವ ಹರಕೆ ಆಟಕ್ಕೆ ಒಂದು ಬ್ಯಾಟರಿ ಸಾಲುವುದೇ, ಮತ್ತು ಯುವಿ ಫಿಲ್ಟರ್ ಅಗತ್ಯವೇ?

ಉತ್ತರ 1ರವರು (ಉಡುಪಿಯಿಂದ)

80ಡಿಯ ಬ್ಯಾಟರಿಯಲ್ಲಿ 960 ಚಿತ್ರಗಳು ಬರುತ್ತವೆಂದು ಕಂಪನಿಯ ಲೆಕ್ಕ, ಆದರೆ ಹಳೆಯ ಬ್ಯಾಟರಿಯಲ್ಲಿ ಅಷ್ಟು ನಿರೀಕ್ಷಿಸಬೇಡಿ. ಕಂಪನಿಯದೇ ಇನ್ನೊಂದು ಎಲ್‌ಪಿ-ಇ6ಎನ್ ಬ್ಯಾಟರಿ ಕೊಂಡುಬಿಡಿ. ಬೆಳಗಿನ ಜಾವದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಹೊತ್ತಿಗೆ ಅದು ಬೇಕಾಗುತ್ತದೆ. ಯುವಿ ಫಿಲ್ಟರ್ ಬೇಡ. ರಂಗಸ್ಥಳದ ದೀಪಗಳು ಅಗ್ಗದ ಫಿಲ್ಟರ್‌ನಲ್ಲಿ ಪ್ರತಿಫಲಿಸಿ ಚಿತ್ರದಲ್ಲಿ ಹಸಿರು ಚುಕ್ಕೆಗಳಾಗಿ ಮೂಡುತ್ತವೆ. ಹುಡ್ ಹಾಕಿಕೊಂಡಿರಿ, ಅದೇ ಲೆನ್ಸನ್ನು ಕಾಯುತ್ತದೆ. ಭಾನುವಾರ ಕ್ಯಾಮೆರಾ ನೋಡಿದ ಮೇಲೆ, ಬಿಳಿ ಗೋಡೆಯ ಚಿತ್ರವನ್ನು ಇಲ್ಲಿ ಹಾಕಿರಿ. ಹಣ ಕೊಡುವ ಮೊದಲು ನಾವೂ ನೋಡಿ ಹೇಳುತ್ತೇವೆ.